ಓಡುತ್ತಿರುವ ಪ್ರೋಗ್ರಾಂ ಎಲ್ಲಿ ಸಿಕ್ಕಿಕೊಂಡಿದೆ? ಫಂಕ್ಷನ್ ಕಾಲ್‌ಗಳ ಜಾಡು ಹಿಡಿಯಲು ಸಮಗ್ರ ಮಾರ್ಗದರ್ಶಿ

ಸರ್ವರ್‌ನಲ್ಲಿ ಪ್ರೋಗ್ರಾಂ ಓಡುತ್ತಿದೆ, ಆದರೆ ಕೆಲಸ ಮಾಡುತ್ತಿಲ್ಲ. ಕ್ರ್ಯಾಶ್ ಆಗಿಲ್ಲ. ಲಾಗ್‌ನಲ್ಲಿ ಎರರ್ ಇಲ್ಲ, ಕೊನೆಯ ಸಾಲು ಬಿದ್ದು ಅರ್ಧ ಗಂಟೆ ಆಗಿದೆ. ಇಂಥ ಹೊತ್ತಲ್ಲಿ ಪಕ್ಕದಲ್ಲಿದ್ದವರು ಹೇಳೋದು ಒಂದೇ ಮಾತು: ರೀಸ್ಟಾರ್ಟ್ ಮಾಡಿಬಿಡಿ. ಮಾಡಿದರೆ ಸರಿಹೋಗಲೂಬಹುದು. ಆದರೆ ಯಾಕೆ ನಿಂತಿತು ಅನ್ನೋದಕ್ಕಿದ್ದ ಸಾಕ್ಷಿಯೆಲ್ಲ ಆ ಪ್ರೋಸೆಸ್ ಜೊತೆಗೇ ಹೋಗುತ್ತದೆ. ಮುಂದಿನ ವಾರ ಮತ್ತೆ ಅದೇ ಕಥೆ.

ರೀಸ್ಟಾರ್ಟ್‌ಗೆ ಮೊದಲು ಐದು ನಿಮಿಷ ಕೇಳಿ ಪಡೆಯಿರಿ. ಆ ಐದು ನಿಮಿಷದಲ್ಲಿ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಅನ್ನೋದು ಈ ಬರಹ. ಎಲ್ಲವೂ ಲಿನಕ್ಸ್‌ಗೆ ಸೇರಿದ್ದು. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿಕೊಳ್ಳಿ. ಬೇರೆ ಹೇಳದಿದ್ದರೆ ಆಯ್ಕೆಯ ಅಕ್ಷರ ಚಿಕ್ಕದು ಅಂತ ತಿಳಿಯಿರಿ. ಉದಾಹರಣೆಗೆ ಒಂದು ಬಿಲ್ಲಿಂಗ್ ಪ್ರೋಗ್ರಾಂ ಇಟ್ಟುಕೊಳ್ಳೋಣ. ಸಿ ಭಾಷೆಯಲ್ಲಿ ಬರೆದದ್ದು, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುತ್ತದೆ, ಪ್ರೋಸೆಸ್ ಸಂಖ್ಯೆ 4182.

ಹೆಜ್ಜೆ 1: ಕಾಯುತ್ತಿದೆಯೋ, ಸುತ್ತುತ್ತಿದೆಯೋ?

ಟೂಲ್ ಕೈಗೆತ್ತಿಕೊಳ್ಳೋ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು. ನಿಂತಂತೆ ಕಾಣುವ ಪ್ರೋಗ್ರಾಂ ಎರಡರಲ್ಲಿ ಒಂದು ಮಾಡುತ್ತಿರುತ್ತದೆ. ಯಾವುದಕ್ಕೋ ಕಾಯುತ್ತಿರುತ್ತದೆ, ಇಲ್ಲವೇ ಲೂಪಿನಲ್ಲಿ ಸಿಕ್ಕಿ ಸಿಪಿಯು ತಿನ್ನುತ್ತಿರುತ್ತದೆ. ಎರಡಕ್ಕೂ ದಾರಿ ಬೇರೆ.

'ಟಾಪ್ -ಎಚ್ -ಪಿ 4182' ಓಡಿಸಿ. ಇಲ್ಲಿ ಎಚ್ ದೊಡ್ಡಕ್ಷರ. ಅದು ಇದ್ದರೆ ಥ್ರೆಡ್‌ಗಳು, ಅಂದರೆ ಪ್ರೋಗ್ರಾಂ ಒಳಗೆ ಜೊತೆಜೊತೆಗೇ ಸಾಗುವ ಕೆಲಸದ ಎಳೆಗಳು, ಒಂದೊಂದಾಗಿ ಕಾಣುತ್ತವೆ. ಹತ್ತು ಥ್ರೆಡ್‌ನಲ್ಲಿ ಒಂಬತ್ತು ಸುಮ್ನೆ ಕೂತು ಒಂದೇ ಒಂದು ಶೇ. 100 ಸಿಪಿಯು ತಿನ್ನುತ್ತಿರಬಹುದು. ಎಚ್ ಇಲ್ಲದೆ ನೋಡಿದರೆ ಯಾವ ಥ್ರೆಡ್ ಅನ್ನೋದು ಗೊತ್ತಾಗುವುದಿಲ್ಲ.

ಸ್ಥಿತಿಯ ಕಾಲಂನಲ್ಲಿ ಒಂದಕ್ಷರ ಇರುತ್ತದೆ. ಆರ್ ಅಂದರೆ ಓಡುತ್ತಿದೆ, ಎಸ್ ಅಂದರೆ ಕಾಯುತ್ತಿದೆ, ದೊಡ್ಡ ಟಿ ಅಂದರೆ ಯಾರೋ ಸಿಗ್ನಲ್ ಕಳಿಸಿ ನಿಲ್ಲಿಸಿದ್ದಾರೆ. ಡಿ ಕಂಡರೆ ಮಾತ್ರ ಸ್ವಲ್ಪ ಎಚ್ಚರ. ಅದು ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೆ, ಎಬ್ಬಿಸಲಾಗದ ನಿದ್ದೆಯಲ್ಲಿದೆ. ಸಾಮಾನ್ಯವಾಗಿ ಡಿಸ್ಕ್ ಅಥವಾ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ತೊಂದರೆ. ಅದಕ್ಕೆ ಎಸ್‌ಟ್ರೇಸ್ (ಹೆಜ್ಜೆ 3ರಲ್ಲಿ ಬರುವ ಟೂಲ್) ಅಂಟಿಸಲು ಹೋದರೆ ಎಸ್‌ಟ್ರೇಸೇ ಅಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಅದರ ಬದಲು ರೂಟ್ ಆಗಿ '/ಪ್ರಾಕ್/4182/ಸ್ಟ್ಯಾಕ್' ಫೈಲನ್ನು ಕ್ಯಾಟ್ ಮಾಡಿ ನೋಡಿ. ಕರ್ನೆಲ್‌ನ ಯಾವ ಫಂಕ್ಷನ್‌ನಲ್ಲಿ ನಿಂತಿದೆ ಅಂತ ಅದು ಹೇಳುತ್ತದೆ.

ಹೆಜ್ಜೆ 2: ಅನುಮತಿ ಸರಿಮಾಡಿಕೊಳ್ಳಿ

ಓಡುತ್ತಿರುವ ಪ್ರೋಗ್ರಾಂ ಒಳಗೆ ಇಣುಕಲು (ಟ್ರೇಸ್ ಮಾಡಲು) ಮೊದಲ ಸಲ ಪ್ರಯತ್ನಿಸಿದವರಿಗೆ 'ಆಪರೇಷನ್ ನಾಟ್ ಪರ್ಮಿಟೆಡ್' ಅಂತ ಬರುವುದು ಮಾಮೂಲಿ. ಪ್ರೋಗ್ರಾಂ ನಿಮ್ಮದೇ ಬಳಕೆದಾರ ಹೆಸರಿನಲ್ಲಿ ಓಡುತ್ತಿದ್ದರೂ ಬರುತ್ತದೆ. ಕಾರಣ ಯಾಮಾ ಅನ್ನುವ ಭದ್ರತಾ ವ್ಯವಸ್ಥೆ. '/ಪ್ರಾಕ್/ಸಿಸ್/ಕರ್ನೆಲ್/ಯಾಮಾ/ಪಿಟ್ರೇಸ್_ಸ್ಕೋಪ್' ಫೈಲಿನಲ್ಲಿ 1 ಇದ್ದರೆ, ನೀವೇ ಶುರು ಮಾಡಿದ ಮರಿ ಪ್ರೋಸೆಸ್‌ಗಳನ್ನು ಮಾತ್ರ ಟ್ರೇಸ್ ಮಾಡಬಹುದು. ಉಬುಂಟುನಲ್ಲಿ ಇದೇ ಡೀಫಾಲ್ಟ್. ಸುಡೋ ಹಾಕಿ ಓಡಿಸಿದರೆ ಸಾಕು. ಆ ಫೈಲಿನಲ್ಲಿ 0 ಬರೆದು ಹಾಗೇ ಬಿಟ್ಟುಬರುವ ಅಭ್ಯಾಸ ಪ್ರೊಡಕ್ಷನ್ ಮೆಷಿನ್‌ನಲ್ಲಿ ಬೇಡ.

ಒಂದು ಪ್ರೋಸೆಸ್‌ಗೆ ಒಂದು ಹೊತ್ತಿಗೆ ಒಬ್ಬನೇ ಟ್ರೇಸರ್. ಎಸ್‌ಟ್ರೇಸ್ ಅಂಟಿರುವಾಗ ಜಿಡಿಬಿ ಎಂಬ ಡೀಬಗರ್ ಅಂಟುವುದಿಲ್ಲ, ಯಾಕಂದರೆ ಎರಡೂ ಪಿಟ್ರೇಸ್ ಎಂಬ ಒಂದೇ ಸಿಸ್ಟಮ್ ಕಾಲ್ (ಕರ್ನೆಲ್‌ಗೆ ಮಾಡುವ ಕೋರಿಕೆ) ಮೇಲೆ ನಿಂತಿವೆ. ಈಗಾಗಲೇ ಯಾರಾದರೂ ಹಿಡಿದಿದ್ದಾರಾ ಅಂತ ತಿಳಿಯಲು '/ಪ್ರಾಕ್/4182/ಸ್ಟೇಟಸ್' ಫೈಲಿನ 'ಟ್ರೇಸರ್‌ಪಿಐಡಿ' ಸಾಲು ನೋಡಿ. ಸೊನ್ನೆ ಇದ್ದರೆ ಯಾರೂ ಇಲ್ಲ.

ಕಂಟೇನರ್ ಒಳಗಿನ ಪ್ರೋಗ್ರಾಂ ಆದರೆ ಹೊರಗಿನ ಹೋಸ್ಟ್‌ನಿಂದ ಟ್ರೇಸ್ ಮಾಡುವುದು ಸುಲಭ. ಕಂಟೇನರ್ ಒಳಗೆ 1 ಅಂತ ಕಾಣುವ ಪ್ರೋಸೆಸ್‌ಗೆ ಹೋಸ್ಟ್‌ನಲ್ಲಿ ಬೇರೆ ಸಂಖ್ಯೆ ಇರುತ್ತದೆ ಅನ್ನೋದು ನೆನಪಿರಲಿ.

ಹೆಜ್ಜೆ 3: ಕಾಯುತ್ತಿದ್ದರೆ ಎಸ್‌ಟ್ರೇಸ್

ಪ್ರೋಗ್ರಾಂ ಹೊರಗಿನ ಲೋಕದ ಜೊತೆ ಮಾತಾಡಬೇಕಾದರೆ ಕರ್ನೆಲ್ ಮೂಲಕವೇ ಹೋಗಬೇಕು. ಫೈಲ್ ಓದುವುದು, ನೆಟ್‌ವರ್ಕ್‌ಗೆ ಬರೆಯುವುದು, ಲಾಕ್‌ಗೆ ಕಾದು ಮಲಗುವುದು, ಎಲ್ಲವೂ ಸಿಸ್ಟಮ್ ಕಾಲ್. ಎಸ್‌ಟ್ರೇಸ್ ತೋರಿಸುವುದು ಇದನ್ನೇ. 1991ರಲ್ಲಿ ಪೌಲ್ ಕ್ರಾನೆನ್‌ಬರ್ಗ್ ಇದನ್ನು ಸನ್‌ಓಎಸ್‌ಗೆ ಬರೆದರು, ಆಮೇಲೆ ಲಿನಕ್ಸ್‌ಗೆ ಬಂತು. ಇವತ್ತಿಗೂ ನಾನು ಮೊದಲು ಹಾಕುವ ಟೂಲ್ ಇದೇ. ಡೀಬಗ್ ಮಾಹಿತಿ ಬೇಡ, ಸೋರ್ಸ್ ಕೋಡ್ ಬೇಡ, ಪ್ರೋಗ್ರಾಂ ಯಾವ ಭಾಷೆಯದು ಅಂತಲೂ ಕೇಳುವುದಿಲ್ಲ.

ಆಜ್ಞೆ ಹೀಗೆ: 'ಸುಡೋ ಎಸ್‌ಟ್ರೇಸ್ -ಎಫ್ -ಟಿಟಿ -ಟಿ -ವೈ -ಎಸ್ 200 -ಪಿ 4182'. ಒಂದೊಂದಾಗಿ ನೋಡೋಣ. ಎಫ್ ಹಾಕಿದರೆ ಎಲ್ಲ ಥ್ರೆಡ್‌ಗಳಿಗೂ ಅಂಟುತ್ತದೆ, ಮುಂದೆ ಹುಟ್ಟುವ ಮರಿಗಳಿಗೂ. ಇದನ್ನು ಮರೆತರೆ ಕೊಟ್ಟ ಸಂಖ್ಯೆಯ ಒಂದೇ ಥ್ರೆಡ್ ಕಾಣುತ್ತದೆ, ತೊಂದರೆ ಇರೋದು ಬೇರೆಯದರಲ್ಲಿ. ಚಿಕ್ಕ ಟಿ ಎರಡು ಸಲ ಅಂದರೆ ಮೈಕ್ರೋಸೆಕೆಂಡ್ ಸಮೇತ ಗಡಿಯಾರದ ಸಮಯ. ಬೇರೆಯಾಗಿರುವ ಒಂಟಿ ಟಿ ದೊಡ್ಡಕ್ಷರ, ಪ್ರತಿ ಕಾಲ್ ಎಷ್ಟು ಹೊತ್ತು ತಗೊಂಡಿತು ಅಂತ ಸಾಲಿನ ಕೊನೆಗೆ ಬರೆಯುತ್ತದೆ. ವೈ ಹಾಕಿದರೆ ಬರೀ 7 ಅನ್ನುವ ಬದಲು ಆ 7 ಯಾವ ಫೈಲು, ಯಾವ ಸಾಕೆಟ್ಟು (ನೆಟ್‌ವರ್ಕ್ ಸಂಪರ್ಕದ ತುದಿ) ಅಂತಲೂ ಬರುತ್ತದೆ. ಎಸ್ ಇಲ್ಲದಿದ್ದರೆ ಡೇಟಾದ ಮೊದಲ 32 ಬೈಟ್ ಮಾತ್ರ ಕಾಣುತ್ತದೆ, ಎಸ್‌ಕ್ಯುಎಲ್ ಸಾಲುಗಳಿಗೆ ಅದು ಏನೇನೂ ಸಾಲದು.

ಈಗ ನಮ್ಮ ಬಿಲ್ಲಿಂಗ್ ಪ್ರೋಗ್ರಾಂಗೆ ಅಂಟಿಸಿದೆವು ಅಂದುಕೊಳ್ಳಿ. ಪರದೆ ಮೇಲೆ ಒಂದೇ ಸಾಲು ಬರುತ್ತದೆ:

ರೀಸ್ಟಾರ್ಟ್_ಸಿಸ್‌ಕಾಲ್(<... ರಿಸ್ಯೂಮಿಂಗ್ ಇಂಟರಪ್ಟೆಡ್ ಪೋಲ್ ...>

ಅಷ್ಟೇ. ಬ್ರಾಕೆಟ್ ಮುಚ್ಚಿಲ್ಲ, ಸಮ ಚಿಹ್ನೆ ಇಲ್ಲ, ಕರ್ಸರ್ ಅಲ್ಲೇ ಮಿನುಗುತ್ತಿದೆ. ಹೊಸಬರು ಇಲ್ಲಿ ಎಸ್‌ಟ್ರೇಸ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಆದರೆ ಉತ್ತರ ಇರೋದೇ ಆ ಮುಚ್ಚದ ಬ್ರಾಕೆಟ್‌ನಲ್ಲಿ. ಪ್ರೋಗ್ರಾಂ ಪೋಲ್ ಎಂಬ ಸಿಸ್ಟಮ್ ಕಾಲ್ ಒಳಗೆ ಹೋಗಿದೆ, ಇನ್ನೂ ಹೊರಗೆ ಬಂದಿಲ್ಲ. ಪೋಲ್ ಅಂದರೆ 'ಈ ಸಾಕೆಟ್‌ನಲ್ಲಿ ಏನಾದರೂ ಬಂದರೆ ಎಬ್ಬಿಸು' ಎಂಬ ಕೋರಿಕೆ. ನಾವು ಅಂಟಿದಾಗ ಆ ಕಾಯುವಿಕೆಗೆ ಒಂದು ಕ್ಷಣ ಅಡ್ಡಿಯಾಯಿತು, ಕರ್ನೆಲ್ ಅದನ್ನೇ ಮತ್ತೆ ಮುಂದುವರಿಸಿತು. ಅದಕ್ಕೇ ಪೋಲ್ ಬದಲು ರೀಸ್ಟಾರ್ಟ್ ಅಂತ ಕಾಣುತ್ತಿದೆ. ಇದೇ ರೀಡ್‌ನಲ್ಲಿ ನಿಂತಿದ್ದರೆ 'ರೀಡ್(7,' ಅಂತ ಶುರುವಾಗಿ ಅಲ್ಲೇ ನಿಲ್ಲುತ್ತಿತ್ತು, ಯಾವ ಸಾಕೆಟ್ ಅಂತಲೂ ತಿಳಿಯುತ್ತಿತ್ತು. ಪೋಲ್ ವಿಷಯದಲ್ಲಿ ಅದು ಸಿಗುವುದಿಲ್ಲ.

'ಫ್ಯೂಟೆಕ್ಸ್' ಎಂಬಲ್ಲಿ ನಿಂತಿದ್ದರೆ ಕಥೆ ಬೇರೆ. ಅದು ಪ್ರೋಗ್ರಾಂ ಒಳಗಿನ ಲಾಕ್. ಒಂದು ಥ್ರೆಡ್ ಇನ್ನೊಂದು ಥ್ರೆಡ್‌ಗೆ ಕಾಯುತ್ತಿದೆ. ಡೆಡ್‌ಲಾಕ್ (ಒಂದಕ್ಕೊಂದು ಕಾದು ಎರಡೂ ನಿಂತದ್ದು) ಇರಬಹುದು, ಸುಮ್ನೆ ಕೆಲಸವಿಲ್ಲದೆ ಕೂತ ಥ್ರೆಡ್ಡೂ ಆಗಿರಬಹುದು. ಇದನ್ನು ಎಸ್‌ಟ್ರೇಸ್‌ನಿಂದ ಬಿಡಿಸಲು ಆಗುವುದಿಲ್ಲ, ಮುಂದಿನ ಹೆಜ್ಜೆಗೆ ಹೋಗಬೇಕು.

ಎಸ್‌ಟ್ರೇಸ್ ಪುಕ್ಕಟೆ ಅಲ್ಲ ಅನ್ನೋದನ್ನೂ ಹೇಳಬೇಕು. ಪ್ರತಿ ಸಿಸ್ಟಮ್ ಕಾಲ್‌ಗೂ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಪ್ರೋಗ್ರಾಂ ನಿಲ್ಲುತ್ತದೆ. ನಿಂತುಹೋದ ಪ್ರೋಗ್ರಾಂಗೆ ಇದರಿಂದ ನಷ್ಟವಿಲ್ಲ. ಆದರೆ ಬಿಡುವಿಲ್ಲದೆ ದುಡಿಯುತ್ತಿರುವ ವೆಬ್ ಸರ್ವರ್‌ಗೆ ಅಂಟಿಸಿದರೆ ಅದು ತೆವಳತೊಡಗುತ್ತದೆ, ಟೈಮ್‌ಔಟ್‌ಗಳು ಶುರುವಾಗುತ್ತವೆ. '--ಸೆಕಾಂಪ್-ಬಿಪಿಎಫ್' ಆಯ್ಕೆ ಹಾಕಿ ಹಗುರ ಮಾಡಬಹುದು ಅಂತ ಓದಿರಬಹುದು. ಅದು ಎಸ್‌ಟ್ರೇಸ್ ಮೂಲಕವೇ ಶುರು ಮಾಡಿದ ಪ್ರೋಗ್ರಾಂಗೆ ಮಾತ್ರ. -ಪಿ ಹಾಕಿ ಅಂಟಿದ್ದಕ್ಕೆ ಕೆಲಸ ಮಾಡುವುದಿಲ್ಲ. ಹಾಗಾಗಿ ಕೆಲವೇ ಸೆಕೆಂಡ್ ಅಂಟಿ, ಕಂಟ್ರೋಲ್-ಸಿ ಒತ್ತಿ ಹೊರಬನ್ನಿ.

ಹೆಜ್ಜೆ 4: ಯಾರು ಕರೆದರು? ಜಿಡಿಬಿಯಲ್ಲಿ ಸ್ಟ್ಯಾಕ್ ನೋಡಿ

ಕಾಯುತ್ತಿದೆ ಅಂತ ಗೊತ್ತಾಯಿತು. ನಮ್ಮ ಕೋಡಿನ ಯಾವ ಫಂಕ್ಷನ್ ಅಲ್ಲಿಗೆ ಕಳಿಸಿತು? ಎಸ್‌ಟ್ರೇಸ್ ಬಿಟ್ಟು ಹೊರಬಂದ ಮೇಲೆ ಇದನ್ನು ಹಾಕಿ: 'ಸುಡೋ ಜಿಡಿಬಿ -ಪಿ 4182 -ಬ್ಯಾಚ್ -ಇಎಕ್ಸ್ "ಥ್ರೆಡ್ ಅಪ್ಲೈ ಆಲ್ ಬಿಟಿ"'. ಅಂಟಿ, ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಸರಪಳಿ) ಮುದ್ರಿಸಿ, ತಾನೇ ಬಿಟ್ಟುಹೋಗುತ್ತದೆ. ಔಟ್‌ಪುಟ್ಟನ್ನು ಫೈಲಿಗೆ ಹಾಕಿಕೊಳ್ಳಿ. ಐದು ನಿಮಿಷದಲ್ಲಿ ಒಂದೇ ಕೆಲಸ ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ. ರೀಸ್ಟಾರ್ಟ್ ಆದಮೇಲೂ ಕೂತು ಓದಬಹುದಾದ ಸಾಕ್ಷಿ ಇದು.

ಸ್ಟ್ಯಾಕನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಮೇನ್, ಅದರ ಮೇಲೆ ಅದು ಕರೆದದ್ದು, ತುದಿಯಲ್ಲಿ ಈಗ ನಿಂತಿರುವ ಜಾಗ. ನಮ್ಮ ಪ್ರೋಗ್ರಾಂನಲ್ಲಿ ತುದಿಯಿಂದ ಇಳಿಯುತ್ತ ಬಂದರೆ ಹೀಗೆ ಕಾಣುತ್ತದೆ: ಪೋಲ್, ಅದರ ಕೆಳಗೆ ಪಿಕ್ಯುವೇಟ್, ಪಿಕ್ಯುಗೆಟ್‌ರಿಸಲ್ಟ್, ಪಿಕ್ಯುಎಕ್ಸೆಕ್. ಇವು ಪೋಸ್ಟ್‌ಗ್ರೆಸ್‌ನ ಲಿಬ್‌ಪಿಕ್ಯು ಲೈಬ್ರರಿಯವು. ಅದರ ಕೆಳಗೆ ನಮ್ಮದು: ಬಾಕಿ_ಅಪ್‌ಡೇಟ್, ಬಿಲ್_ಮುಗಿಸು, ಮೇನ್. ಗುಟ್ಟು ಬಿಟ್ಟಿತು, ಅಲ್ವಾ? ಬಾಕಿ ಮೊತ್ತ ಬದಲಿಸುವ ಕ್ವೆರಿ ಕಳಿಸಿದ್ದೇವೆ, ಡೇಟಾಬೇಸ್‌ನಿಂದ ಉತ್ತರ ಬಂದಿಲ್ಲ.

ಇಲ್ಲಿಂದ ತನಿಖೆ ಡೇಟಾಬೇಸ್ ಕಡೆ ಹೋಗುತ್ತದೆ. 'ಎಸ್‌ಎಸ್ -ಟಿಎನ್‌ಪಿ' ಹಾಕಿ 5432 ಪೋರ್ಟ್‌ಗೆ ಸಂಪರ್ಕ ಇನ್ನೂ ಇದೆಯಾ ನೋಡಿ. ಇದ್ದರೆ ಪೋಸ್ಟ್‌ಗ್ರೆಸ್ ಒಳಗೆ 'ಪಿಜಿ_ಸ್ಟ್ಯಾಟ್_ಆಕ್ಟಿವಿಟಿ'ಯಲ್ಲಿ ನಮ್ಮ ಸೆಷನ್ನಿನ ಸಾಲು ಹುಡುಕಿ. ಕಾಯುವ ಕಾರಣದ ಕಾಲಂನಲ್ಲಿ ಲಾಕ್ ಅಂತಿದ್ದರೆ 'ಪಿಜಿ_ಬ್ಲಾಕಿಂಗ್_ಪಿಐಡಿಸ್' ಫಂಕ್ಷನ್‌ಗೆ ಆ ಸೆಷನ್ನಿನ ಪಿಐಡಿ ಕೊಡಿ, ತಡೆದವರು ಯಾರು ಅಂತ ಹೇಳುತ್ತದೆ. ತುಂಬ ಸಲ ಸಿಗುವ ಅಪರಾಧಿ 'ಐಡಲ್ ಇನ್ ಟ್ರಾನ್ಸಾಕ್ಷನ್' ಸ್ಥಿತಿಯ ಇನ್ನೊಂದು ಸೆಷನ್. ಯಾರೋ ಬಿಗಿನ್ ಹೊಡೆದು, ಒಂದು ಸಾಲು ಬದಲಿಸಿ, ಕಮಿಟ್ ಮಾಡದೆ ಊಟಕ್ಕೆ ಹೋಗಿರುತ್ತಾರೆ. ಇಂಥವರಿಗಾಗಿಯೇ ಪೋಸ್ಟ್‌ಗ್ರೆಸ್ 9.6ರಲ್ಲಿ, 2016ರಲ್ಲಿ, ಅಂಥ ಸೆಷನ್ನನ್ನು ಇಷ್ಟು ಹೊತ್ತಾದ ಮೇಲೆ ಕತ್ತರಿಸು ಅಂತ ಹೇಳುವ ಸೆಟ್ಟಿಂಗ್ ಬಂತು.

ಸ್ಟ್ಯಾಕ್‌ನಲ್ಲಿ ಫಂಕ್ಷನ್ ಹೆಸರಿನ ಬದಲು ಎರಡು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಡೀಬಗ್ ಮಾಹಿತಿ ಇಲ್ಲ ಅಂತ ಅರ್ಥ. ಲಿನಕ್ಸ್ ವಿತರಣೆಯ ಪ್ಯಾಕೇಜ್‌ಗಳಿಗೆ ಡೀಬಗ್‌ಇನ್ಫೋಡಿ ಸರ್ವರ್‌ನಿಂದ ಜಿಡಿಬಿ ತಾನೇ ತರಿಸಿಕೊಳ್ಳಬಲ್ಲದು, ಫೆಡೋರಾ, ಡೆಬಿಯನ್, ಉಬುಂಟು ಮೂರೂ ಇಂಥ ಸರ್ವರ್ ನಡೆಸುತ್ತವೆ. ನಿಮ್ಮದೇ ಪ್ರೋಗ್ರಾಂಗೆ ಮಾತ್ರ -ಜಿ ಹಾಕಿ ಬಿಲ್ಡ್ ಮಾಡಿ ಮಾಹಿತಿಯನ್ನು ಎತ್ತಿಟ್ಟುಕೊಳ್ಳಬೇಕಾದವರು ನೀವೇ. -ಜಿ ಹಾಕಿದರೆ ಪ್ರೋಗ್ರಾಂ ನಿಧಾನ ಆಗುತ್ತದೆ ಅನ್ನುವ ನಂಬಿಕೆ ಇನ್ನೂ ಹಲವು ಕಡೆ ಇದೆ. ಆಗುವುದಿಲ್ಲ, ಫೈಲ್ ದಪ್ಪ ಆಗುತ್ತದೆ ಅಷ್ಟೇ.

ಹೆಜ್ಜೆ 5: ಸುತ್ತುತ್ತಿದ್ದರೆ

ಶೇ. 100 ಸಿಪಿಯು, ಎಸ್‌ಟ್ರೇಸ್ ಹಾಕಿದರೆ ಒಂದಕ್ಷರವೂ ಬರುವುದಿಲ್ಲ. ಕರ್ನೆಲ್ ಕಡೆ ಹೋಗದೆ ತನ್ನೊಳಗೇ ಸುತ್ತುತ್ತಿದೆ ಅಂತ ಅರ್ಥ. ಆ ಮೌನವೂ ಮಾಹಿತಿಯೇ.

ಮೇಲಿನ ಜಿಡಿಬಿ ಆಜ್ಞೆಯನ್ನೇ ಕೆಲವು ಸೆಕೆಂಡ್ ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ಓಡಿಸಿ. ಸ್ಟ್ಯಾಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಳದ ಫಂಕ್ಷನ್‌ಗಳು ಎಲ್ಲದರಲ್ಲೂ ಒಂದೇ ಇರುತ್ತವೆ, ತುದಿಯವು ಬದಲಾಗುತ್ತಿರುತ್ತವೆ. ಬದಲಾಗದ ಭಾಗ ಎಲ್ಲಿ ಮುಗಿಯುತ್ತದೋ ಅಲ್ಲೇ ಲೂಪು ಇರುವ ಸಾಧ್ಯತೆ ಜಾಸ್ತಿ.

ಖಚಿತ ಮಾಡಿಕೊಳ್ಳಲು ಒಂದು ಉಪಾಯ. -ಬ್ಯಾಚ್ ಬಿಟ್ಟು ಜಿಡಿಬಿ ಒಳಗೇ ಕೂತು, ಸುತ್ತುತ್ತಿರುವ ಥ್ರೆಡ್ ಆರಿಸಿ, 'ಫಿನಿಶ್' ಅನ್ನಿ. ಈಗಿನ ಫಂಕ್ಷನ್ ಮುಗಿಯುವವರೆಗೆ ಓಡಿ, ಕರೆದವರ ಬಳಿ ನಿಲ್ಲುತ್ತದೆ. ಮತ್ತೆ ಫಿನಿಶ್. ಮತ್ತೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದರೆ ಯಾವುದೋ ಒಂದು ಫಂಕ್ಷನ್‌ನಲ್ಲಿ ಫಿನಿಶ್ ವಾಪಸ್ ಬರುವುದೇ ಇಲ್ಲ. ಮುಗಿಯದ ಲೂಪ್ ಅದರಲ್ಲೇ ಇದೆ. ಕಂಟ್ರೋಲ್-ಸಿ ಒತ್ತಿ, ಆ ಫ್ರೇಮ್‌ಗೆ ಹೋಗಿ, 'ಇನ್ಫೋ ಲೋಕಲ್ಸ್' ಹಾಕಿ ವೇರಿಯಬಲ್‌ಗಳ ಬೆಲೆ ನೋಡಿ. ಲಿಂಕ್ಡ್ ಲಿಸ್ಟಿನ ಕೊನೆಯ ಕೊಂಡಿ ಮತ್ತೆ ಮೊದಲನೆಯದಕ್ಕೇ ಸೇರಿಕೊಂಡಿರುವುದು ಇಂಥ ಕಡೆ ಸಿಗುವ ಹಳೆಯ ಗಿರಾಕಿ. ಜಾವಾ 8ಕ್ಕಿಂತ ಹಿಂದಿನ ಹ್ಯಾಶ್‌ಮ್ಯಾಪನ್ನು ಲಾಕ್ ಇಲ್ಲದೆ ಹಲವು ಥ್ರೆಡ್‌ಗಳಿಂದ ಬಳಸಿದಾಗ ಆಗುತ್ತಿದ್ದದ್ದು ಇದೇ.

ಜಿಡಿಬಿಯಲ್ಲಿ ಕೂತಿರುವಷ್ಟು ಹೊತ್ತೂ ಪ್ರೋಗ್ರಾಂ ಪೂರ್ತಿ ನಿಂತಿರುತ್ತದೆ ಅನ್ನೋದು ತಲೆಯಲ್ಲಿರಲಿ. ಹೆಲ್ತ್ ಚೆಕ್ ಇರುವ ವ್ಯವಸ್ಥೆಯಲ್ಲಿ ನೀವು ಯೋಚನೆ ಮಾಡುತ್ತಿರುವಾಗಲೇ ಅದು ಪ್ರೋಸೆಸ್ಸನ್ನು ಕೊಂದುಹಾಕಬಹುದು.

ಹೆಜ್ಜೆ 6: ನಿಂತಿಲ್ಲ, ಬರೀ ನಿಧಾನ

ಇದು ಮೂರನೇ ಬಗೆ, ಎಲ್ಲಕ್ಕಿಂತ ಕಿರಿಕಿರಿಯದ್ದು. ಇಲ್ಲಿ ಬೇಕಾಗಿರುವುದು ಎಣಿಕೆ: ಯಾವ ಫಂಕ್ಷನ್ ಎಷ್ಟು ಸಲ ಓಡಿತು, ಪ್ರತಿ ಸಲ ಎಷ್ಟು ಹೊತ್ತು ತಗೊಂಡಿತು. ಹಿಂದೆ ಇದಕ್ಕೆ ಲೈಬ್ರರಿ ಕರೆಗಳನ್ನು ತೋರಿಸುವ ಎಲ್‌ಟ್ರೇಸ್ ಬಳಸುತ್ತಿದ್ದರು. ಈಗಿನ ಬೈನರಿಗಳ ಮೇಲೆ ಎಷ್ಟೋ ಸಲ ಅದು ಏನನ್ನೂ ತೋರಿಸುವುದಿಲ್ಲ. ಅದು ಹಿಡಿಯುವ, ಲೈಬ್ರರಿ ಫಂಕ್ಷನ್‌ಗಳಿಗೆ ಹೋಗುವ ಪಿಎಲ್‌ಟಿ ಎಂಬ ದಾರಿಯೇ ಭದ್ರತೆಗಾಗಿ ಬದಲಾಗಿದೆ. ನನ್ನ ಮಟ್ಟಿಗೆ ಈಗ ಅದರ ಜಾಗಕ್ಕೆ ಬಿಪಿಎಫ್‌ಟ್ರೇಸ್ ಬಂದಿದೆ.

ಇದರ ಅಡಿಪಾಯ ಯುಪ್ರೋಬ್. ಫಂಕ್ಷನ್ನಿನ ಮೊದಲ ಸೂಚನೆಯ ಜಾಗದಲ್ಲಿ ಕರ್ನೆಲ್ ಒಂದು ಬ್ರೇಕ್‌ಪಾಯಿಂಟ್ ಇಡುತ್ತದೆ. ಅಲ್ಲಿಗೆ ಬಂದಾಗ ನಿಮ್ಮ ಚಿಕ್ಕ ಸ್ಕ್ರಿಪ್ಟ್ ಕರ್ನೆಲ್ ಒಳಗೇ ಓಡಿ, ಪ್ರೋಗ್ರಾಂ ಮುಂದೆ ಹೋಗುತ್ತದೆ. ಪಿಟ್ರೇಸ್‌ನ ಹಾಗೆ ಇನ್ನೊಂದು ಪ್ರೋಸೆಸ್ ಎದ್ದು ಬಂದು ನೋಡಬೇಕಿಲ್ಲ. ಯುಪ್ರೋಬ್ 2012ರಲ್ಲಿ ಲಿನಕ್ಸ್ 3.5ರಲ್ಲಿ ಸೇರಿತು, ಅದನ್ನು ವರ್ಷಗಟ್ಟಲೆ ತಿದ್ದಿ ತೀಡಿ ಒಳಗೆ ಸೇರಿಸಿದವರು ಐಬಿಎಂನ ಶ್ರೀಕರ್ ದ್ರೋಣಂರಾಜು. ಕರ್ನೆಲ್ ಫಂಕ್ಷನ್‌ಗಳಿಗೆ ಇದೇ ಕೆಲಸ ಮಾಡುವ ಕೆಪ್ರೋಬ್‌ನ ನಿರ್ವಾಹಕರ ಪಟ್ಟಿಯಲ್ಲಿ ಅನಂತ ಮಾವಿನಕಾಯನಹಳ್ಳಿ ಅವರ ಹೆಸರಿತ್ತು. ನಾವು ದಿನಾ ಬಳಸುವ ಈ ಟೂಲ್‌ಗಳ ಕೆಳಗೆ ನಮ್ಮ ಕಡೆಯವರ ದುಡಿಮೆ ಸಾಕಷ್ಟಿದೆ.

ಮೊದಲು ಯಾವ ಫಂಕ್ಷನ್‌ಗಳು ಸಿಗುತ್ತವೆ ನೋಡಿ: 'ಬಿಪಿಎಫ್‌ಟ್ರೇಸ್ -ಎಲ್', ಆಮೇಲೆ ಉಲ್ಲೇಖ ಚಿಹ್ನೆಯೊಳಗೆ 'ಯುಪ್ರೋಬ್', ಕೋಲನ್, ಬೈನರಿಯ ಪೂರ್ತಿ ದಾರಿ, ಕೋಲನ್, ನಕ್ಷತ್ರ. ಹುಡುಕುವ ಫಂಕ್ಷನ್ ಪಟ್ಟಿಯಲ್ಲಿ ಇಲ್ಲದಿದ್ದರೆ ಎರಡು ಕಾರಣ ಇರಬಹುದು. ಬೈನರಿಯಿಂದ ಹೆಸರುಗಳನ್ನು ಸ್ಟ್ರಿಪ್ ಮಾಡಿರಬಹುದು, ಅಥವಾ ಕಂಪೈಲರ್ ಅದನ್ನು ಇನ್‌ಲೈನ್ ಮಾಡಿ ಕರೆದವರ ಒಳಗೇ ಕರಗಿಸಿರಬಹುದು. ಕರಗಿದ್ದಕ್ಕೆ ಈ ರೀತಿ ಪ್ರೋಬ್ ಇಡಲು ಆಗುವುದಿಲ್ಲ, ಅದನ್ನು ಕರೆಯುವ ಫಂಕ್ಷನ್ನನ್ನು ಹಿಡಿಯಿರಿ.

ನಾನು ಬರೆಯುವ ಮೊದಲ ಸ್ಕ್ರಿಪ್ಟ್ ಯಾವಾಗಲೂ ಎಣಿಕೆಯದು. ಯುಪ್ರೋಬ್ ಹೆಸರು ಬರೆದು, ಹೂವಿನ ಬ್ರಾಕೆಟ್ ಒಳಗೆ '@[ಯುಸ್ಟ್ಯಾಕ್] = ಕೌಂಟ್()' ಅಂತ ಹಾಕಿ. ಒಂದು ನಿಮಿಷ ಬಿಟ್ಟು ಕಂಟ್ರೋಲ್-ಸಿ ಒತ್ತಿದರೆ, ಯಾವ ಯಾವ ದಾರಿಯಿಂದ ಆ ಫಂಕ್ಷನ್‌ಗೆ ಎಷ್ಟು ಕರೆ ಬಂದಿವೆ ಅಂತ ಎಣಿಸಿ ಕೊಡುತ್ತದೆ. ಒಂದು ಬಿಲ್ಲಿಗೆ ಒಮ್ಮೆ ಕರೆಯಬೇಕಿದ್ದ ದರ_ಹುಡುಕು ಪ್ರತಿ ಸಾಲಿಗೂ ಓಡುತ್ತಿದೆ ಎಂಬಂಥ ಸಂಗತಿ ಇಲ್ಲೇ ಬಯಲಾಗುತ್ತದೆ. ಸ್ಟ್ಯಾಕ್ ಅರ್ಧಕ್ಕೇ ತುಂಡಾಗಿ ಬಂದರೆ ಬಿಲ್ಡ್‌ನಲ್ಲಿ ಫ್ರೇಮ್ ಪಾಯಿಂಟರ್ (ಕರೆದವರ ಜಾಗ ತೋರಿಸುವ ಗುರುತು) ಇಲ್ಲ ಅಂತ ತಿಳಿಯಿರಿ. '-ಎಫ್‌ನೋ-ಒಮಿಟ್-ಫ್ರೇಮ್-ಪಾಯಿಂಟರ್' ಹಾಕಿ ಮತ್ತೆ ಬಿಲ್ಡ್ ಮಾಡಬೇಕು. ಫೆಡೋರಾ 38 ಮತ್ತು ಉಬುಂಟು 24.04ರಿಂದ ಅವರ ಪ್ಯಾಕೇಜ್‌ಗಳಲ್ಲಿ ಇದು ಇದ್ದೇ ಇರುತ್ತದೆ.

ಸಮಯ ಅಳೆಯಲು ಜೋಡಿ ಪ್ರೋಬ್ ಬೇಕು. ಒಳಗೆ ಬಂದಾಗ ಯುಪ್ರೋಬ್‌ನಲ್ಲಿ '@ಶುರು[ಟಿಐಡಿ] = ಎನ್‌ಸೆಕ್ಸ್' ಅಂತ ಗುರುತು ಹಾಕಿಕೊಳ್ಳಿ (ಟಿಐಡಿ ಅಂದರೆ ಥ್ರೆಡ್ ಸಂಖ್ಯೆ, ಎನ್‌ಸೆಕ್ಸ್ ಅಂದರೆ ನ್ಯಾನೋಸೆಕೆಂಡ್‌ನಲ್ಲಿ ಸಮಯ). ಹೊರಗೆ ಹೋಗುವಾಗ ಯುರೆಟ್‌ಪ್ರೋಬ್‌ನಲ್ಲಿ ಈಗಿನ ಎನ್‌ಸೆಕ್ಸ್‌ನಿಂದ ಅದನ್ನು ಕಳೆದು, ಹಿಸ್ಟ್ ಫಂಕ್ಷನ್‌ಗೆ ಕೊಟ್ಟು, ಗುರುತನ್ನು ಡಿಲೀಟ್ ಮಾಡಿ. ಅಂಟಿದಾಗಲೇ ಅರ್ಧ ದಾರಿಯಲ್ಲಿದ್ದ ಕರೆಗಳಿಗೆ ಶುರುವಿನ ಗುರುತು ಇರುವುದಿಲ್ಲ. ಹಾಗಾಗಿ ಯುರೆಟ್‌ಪ್ರೋಬ್‌ಗೆ 'ಗುರುತು ಇದ್ದರೆ ಮಾತ್ರ' ಎಂಬ ಫಿಲ್ಟರ್ ಹಾಕಿ, ಇಲ್ಲದಿದ್ದರೆ ಅಸಂಬದ್ಧ ದೊಡ್ಡ ಸಂಖ್ಯೆಗಳು ಸೇರಿಕೊಳ್ಳುತ್ತವೆ. ಬರೀ ಸರಾಸರಿ ನೋಡುವುದಕ್ಕಿಂತ ಹಿಸ್ಟೋಗ್ರಾಂ ಒಳ್ಳೆಯದು. ಸಾವಿರ ಕರೆ ಬೇಗ ಮುಗಿದು ಹತ್ತು ಮಾತ್ರ ಎರಡೆರಡು ಸೆಕೆಂಡ್ ತಗೊಂಡರೆ ಸರಾಸರಿ ಅದನ್ನು ಮುಚ್ಚಿಹಾಕುತ್ತದೆ.

ಯುಪ್ರೋಬ್ ತಗುಲಿದಾಗಲೆಲ್ಲ ಸುಮಾರು ಒಂದು ಮೈಕ್ರೋಸೆಕೆಂಡಿನ ಆಸುಪಾಸು ಖರ್ಚು. ಸೆಕೆಂಡಿಗೆ ಕೆಲವು ಸಾವಿರ ಕರೆಗೆ ಅದು ಲೆಕ್ಕಕ್ಕಿಲ್ಲ. ಮೆಮೊರಿ ಪಡೆಯಲು ಕರೆಯುವ ಮ್ಯಾಲಕ್‌ನಂಥ, ಲಕ್ಷಗಟ್ಟಲೆ ಓಡುವ ಫಂಕ್ಷನ್‌ಗೆ ಇಟ್ಟರೆ ಮಾತ್ರ ಪ್ರೋಗ್ರಾಂ ಒದ್ದಾಡುತ್ತದೆ.

ಗೋ ಭಾಷೆಯ ಪ್ರೋಗ್ರಾಂಗೆ ಯುರೆಟ್‌ಪ್ರೋಬ್ ಇಡಲೇಬೇಡಿ. ಅದು ಸ್ಟ್ಯಾಕ್‌ನಲ್ಲಿರುವ ವಾಪಸಾತಿ ವಿಳಾಸವನ್ನು ಬದಲಿಸುತ್ತದೆ. ಗೋ ತನ್ನ ಸ್ಟ್ಯಾಕನ್ನು ಆಗಾಗ ಬೇರೆಡೆಗೆ ಸಾಗಿಸುತ್ತದೆ. ಎರಡೂ ಸೇರಿದರೆ ಪ್ರೋಗ್ರಾಂ ಕ್ರ್ಯಾಶ್ ಆಗಬಹುದು.

ಪೈಥಾನ್, ಜಾವಾ, ಗೋ ಆದರೆ

ಇವುಗಳಲ್ಲಿ ಜಿಡಿಬಿ ಸ್ಟ್ಯಾಕ್ ನೋಡಿದರೆ ಇಂಟರ್‌ಪ್ರಿಟರ್‌ನ ಅಥವಾ ರನ್‌ಟೈಮ್‌ನ ಒಳಗಿನ ಹೆಸರುಗಳೇ ತುಂಬಿರುತ್ತವೆ. ಪೈಥಾನ್‌ಗೆ 'ಪೈ-ಸ್ಪೈ ಡಂಪ್ --ಪಿಐಡಿ 4182' ಹಾಕಿ. ಪ್ರೋಗ್ರಾಂ ಕೋಡ್‌ಗೆ ಕೈಹಚ್ಚದೆ ಪೈಥಾನ್ ಫಂಕ್ಷನ್ ಹೆಸರು, ಸಾಲಿನ ಸಂಖ್ಯೆ ಕೊಡುತ್ತದೆ. ಜಾವಾಗೆ ಜೆಸ್ಟ್ಯಾಕ್.

ಜಾವಾ ಮಂದಿಗೆ 'ಕಿಲ್ -3' ಅಭ್ಯಾಸ ಇರುತ್ತದೆ. ಜಾವಾದಲ್ಲಿ ಅದು ಥ್ರೆಡ್ ಡಂಪ್ ಬರೆದು ಓಟ ಮುಂದುವರಿಸುತ್ತದೆ. ಅದೇ ಅಭ್ಯಾಸದಲ್ಲಿ ಗೋ ಪ್ರೋಗ್ರಾಂಗೆ ಹೊಡೆದರೆ ಎಲ್ಲ ಗೋರೂಟೀನ್‌ಗಳ ಸ್ಟ್ಯಾಕ್ ಬರೆದು ಸತ್ತುಹೋಗುತ್ತದೆ. ಸಾದಾ ಸಿ ಪ್ರೋಗ್ರಾಂ ಏನನ್ನೂ ಬರೆಯದೆ ಸಾಯುತ್ತದೆ, ಸೆಟ್ಟಿಂಗ್ ಇದ್ದರೆ ಕೋರ್ ಫೈಲ್ (ಸಾಯುವ ಹೊತ್ತಿನ ಮೆಮೊರಿಯ ಪ್ರತಿ) ಬಿಟ್ಟುಹೋಗುತ್ತದೆ. ಎದುರಿಗಿರುವುದು ಯಾವ ಭಾಷೆಯದು ಅಂತ ಖಾತ್ರಿ ಮಾಡಿಕೊಂಡೇ ಈ ಸಿಗ್ನಲ್ ಕಳಿಸಿ.

ಕೊನೆಯ ಹೆಜ್ಜೆ: ಬಿಟ್ಟು ಬರುವುದು

ಜಿಡಿಬಿಯಲ್ಲಿದ್ದರೆ 'ಡಿಟ್ಯಾಚ್' ಅಂದು ಹೊರಬನ್ನಿ. ಟರ್ಮಿನಲ್ ಮುಚ್ಚಿ ಎದ್ದುಹೋಗಬೇಡಿ. ಆಮೇಲೆ ಟ್ರೇಸರ್‌ಪಿಐಡಿ ಮತ್ತೆ ಸೊನ್ನೆಗೆ ಬಂದಿದೆಯಾ ನೋಡಿ. ಸ್ಥಿತಿಯ ಕಾಲಂನಲ್ಲಿ ಟಿ ಉಳಿದಿದ್ದರೆ 'ಕಿಲ್ -ಕಾಂಟ್ 4182' ಹಾಕಿ, ಕಾಂಟ್ ದೊಡ್ಡಕ್ಷರದಲ್ಲಿ. ನಿಂತ ಪ್ರೋಸೆಸ್ ಮತ್ತೆ ಓಡುತ್ತದೆ.

ಉಳಿದದ್ದು ನೀವು ಮಾಡಿಟ್ಟುಕೊಂಡ ಔಟ್‌ಪುಟ್ ಫೈಲುಗಳು. -ಎಸ್ 200 ಹಾಕಿದ ಎಸ್‌ಟ್ರೇಸ್ ಫೈಲಿನಲ್ಲಿ ನೆಟ್‌ವರ್ಕ್‌ನಲ್ಲಿ ಹೋದದ್ದೆಲ್ಲ ಇರುತ್ತದೆ: ಪಾಸ್‌ವರ್ಡ್, ಸೆಷನ್ ಟೋಕನ್, ಗ್ರಾಹಕರ ಫೋನ್ ನಂಬರು. ಅದನ್ನು ಹಾಗೇ ಆಫೀಸ್ ಚಾಟ್‌ಗೆ ಹಾಕುವವರಿದ್ದಾರೆ. ಬೇಕಾದ ನಾಲ್ಕು ಸಾಲು ಕತ್ತರಿಸಿ ಟಿಕೆಟ್‌ಗೆ ಅಂಟಿಸಿ, ಪೂರ್ತಿ ಫೈಲನ್ನು ಸರ್ವರ್‌ನಿಂದ ಅಳಿಸಿ. ಇಷ್ಟಾದ ಮೇಲೆ ರೀಸ್ಟಾರ್ಟ್ ಮಾಡಿ.